ಮೂರನೇ ಪ್ರಶ್ನೆಗೆ ಮೂವತ್ತೆಂಟು ಸೆಕೆಂಡು

ಅತ್ತೆಯ ಕುತ್ತಿಗೆಗೆ ಅವನು ನೆಟ್‌ವರ್ಕ್ ಕೇಬಲ್ ಸುತ್ತಿದಾಗ ನಾನು ಹಾಲು ಕಾಯಿಸುತ್ತಿದ್ದೆ.

ಬೆಳಗ್ಗೆ ಏಳೂವರೆ. ಸಾವಿಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬಾಗಿಲ ಬಳಿ ಎರಡೇ ಜೊತೆ ಚಪ್ಪಲಿ. ನನ್ನ ಗಂಡನನ್ನು ಬೂದಿ ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಗು ಅದು. ಹಾಲಿನವನು ಬಂದ. ಪೇಪರಿನವನು ಬಂದ. ಮೂರನೆಯವನಾಗಿ ಇವನು ಬಂದ.

ಮುಖ ಗೊತ್ತಿತ್ತು. ನನ್ನ ಗಂಡನ ಕಂಪನಿಯ ಮ್ಯಾನೇಜರನ ಡ್ರೈವರ್. ಎರಡು ದಿನದ ಹಿಂದೆ ಕಂಪನಿಯ ಪರವಾಗಿ ಹೂವಿನ ಹಾರ ಹೊತ್ತು ತಂದಿದ್ದವನೂ ಇವನೇ.

"ಲ್ಯಾಪ್‌ಟಾಪ್ ಕೊಡಿ ಮೇಡಂ. ಕಂಪನಿ ಸ್ವತ್ತು."

"ಕೇಳಿದ್ರೆ ಕೊಡ್ತಿದ್ದೆ."

"ಈಗ ಕೇಳ್ತಾ ಇದೀನಲ್ಲ."

ಕೇಬಲ್ ಇನ್ನೊಂದು ಸುತ್ತು ಬಿಗಿಯಾಯಿತು.

ನಮ್ಮತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನವರ ಮಾತನ್ನೆಲ್ಲ ವಯರಿನಲ್ಲಿ ಜೋಡಿಸಿದವರು. ಅದೇ ವಯರು ಕೊರಳಿಗೆ ಬಿದ್ದರೂ ಕೂಗಲಿಲ್ಲ. ನನ್ನ ಕಡೆ ನೋಡಿದರು. ಆಮೇಲೆ ಒಲೆಯ ಕಡೆ ನೋಡಿದರು.

ಹಾಲು ಉಕ್ಕುತ್ತಿತ್ತು.

ಅತ್ತೆ ತಲೆಯನ್ನು ಎಡಕ್ಕೆ ವಾಲಿಸಿದರು. ನಾನು ಪಾತ್ರೆ ಎತ್ತಿ ಬಲಕ್ಕೆ ಎರಚಿದೆ.

ಡ್ರೈವರ್ ಕೂಗಿದ ಕೂಗಿಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಒಂದು ಕೈ ಮುಖಕ್ಕೆ ಹೋಯಿತು. ಇನ್ನೊಂದರ ಹೆಬ್ಬೆರಳನ್ನು ಅತ್ತೆ ಕಚ್ಚಿ ಹಿಡಿದರು. ಅವರ ಹಲ್ಲು ಇನ್ನೂ ಸ್ವಂತದ್ದು. ನಾನು ಖಾಲಿ ಪಾತ್ರೆಯಿಂದ ಅವನ ಕಿವಿಯ ಮೇಲೆ ಬಾರಿಸಿದೆ. ಎರಡು ಸಲ. ಮೂರನೇ ಸಲ ಎತ್ತಿದಾಗ ಅವನು ನನ್ನ ಎಡಗೈ ಹಿಡಿದು ಕಿರುಬೆರಳನ್ನು ಹಿಂದಕ್ಕೆ ಮಡಚಿದ.

ಲಟಕ್ ಅಂತು... ಒಣಗಿದ ಕಡ್ಡಿಯ ಹಾಗೆ.

ನಾನು ಕುಸಿದೆ. ಅವನು ಅತ್ತೆಯನ್ನು ಗೋಡೆಗೆ ತಳ್ಳಿ, ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಬಾಚಿಕೊಂಡು ಓಡಿದ. ಹೋಗುವಾಗ ಬಾಗಿಲು ಎಳೆದುಕೊಂಡು ಹೋದ. ಮನೆಯಲ್ಲಿ ಒಳ್ಳೆಯ ಬುದ್ಧಿ ಕಲಿಸಿದ್ದರು ಅಂತ ಕಾಣುತ್ತದೆ.

ಐದು ದಿನದಿಂದ ನನಗೆ ಏನೂ ಅನ್ನಿಸಿರಲಿಲ್ಲ. ಸ್ಟ್ರೆಚರ್ ಮೇಲಿನ ಬಟ್ಟೆ ಸರಿಸಿದಾಗಲೂ ಇಲ್ಲ, ಬೆಂಕಿ ಹೊತ್ತಿಕೊಂಡಾಗಲೂ ಇಲ್ಲ. ಬೆರಳು ಮುರಿದಾಗ ನೋವಾಯಿತು. ಸದ್ಯ, ಏನೋ ಒಂದು ಆಯಿತಲ್ಲ ಅಂದುಕೊಂಡೆ.

ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿದೆ. ಅತ್ತೆ ನೆಲದ ಹಾಲು ಒರೆಸುತ್ತಿದ್ದರು. ಕೊರಳಲ್ಲಿ ಕೆಂಪು ಗೆರೆ. ಬಟ್ಟೆ ಹಿಂಡುತ್ತ, ತಲೆ ಎತ್ತದೆ ಕೇಳಿದರು.

"ನನ್ನ ಹತ್ರ ಮುಚ್ಚಿಡಬೇಡ. ತಪ್ಪು ಅವನದಾ?"

ಅವನು ಅಂದರೆ ಅವರ ಮಗ, ನನ್ನ ಗಂಡ. ಹಿನ್ನೆಲೆ ಹೇಳಬೇಕು. ಉದ್ದ ಮಾಡುವುದಿಲ್ಲ.

ನನ್ನವನು ಕೆಲಸ ಮಾಡುತ್ತಿದ್ದುದು ಕಪಾಟುಗಳ ತುಂಬ ಸರ್ವರ್‌ಗಳನ್ನು ಜೋಡಿಸಿಟ್ಟ ಕಟ್ಟಡದಲ್ಲಿ. ಮೂರು ಹಾಲ್. ನಾಲ್ಕನೆಯದು ಕಂಟ್ರೋಲ್ ರೂಮ್. ಬೆಂಕಿ ಬಿದ್ದರೆ ಅಲ್ಲಿ ನೀರು ಹಾಯಿಸುವಂತಿಲ್ಲ, ಮೆಷಿನ್ನುಗಳು ಸಾಯುತ್ತವೆ. ಅದಕ್ಕೆ ನಾಲ್ಕೂ ಕೋಣೆಗಳಿಗೆ ಒಂದು ಅನಿಲ. ಅದು ಕೋಣೆಯ ಗಾಳಿಯನ್ನು ಹೊರದಬ್ಬಿ ಬೆಂಕಿಯ ಉಸಿರು ಕಟ್ಟಿಸುತ್ತದೆ. ಒಳಗೆ ಮನುಷ್ಯ ಇದ್ದರೆ ಅವನದನ್ನೂ.

ಪ್ರತಿ ಬುಧವಾರ ಪರೀಕ್ಷೆ. ಹತ್ತು ಸೆಕೆಂಡ್ ಬಿಡಬೇಕು, ಸ್ಟಾಪ್ ಒತ್ತಬೇಕು. ಒತ್ತುವ ತನಕ ಬಾಗಿಲು ತೆರೆಯುವುದಿಲ್ಲ. ಸ್ಟಾಪ್ ಬಟನ್ ಇರುವುದು ಪ್ರತಿ ಕೋಣೆಯ ಹೊರಗೆ.

ಇದನ್ನೆಲ್ಲ ನಡೆಸುವುದು ಒಂದು ಹಳೇ ಪ್ರೋಗ್ರಾಂ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. ಅದು ಒಂದೊಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತದೆ. ಯಾವ ಕೋಣೆ? ಎಚ್ಚರಿಕೆಯ ಗಂಟೆ ಹೊಡೆದಾಯಿತೇ? ಒಳಗಿದ್ದವರೆಲ್ಲ ಹೊರಗೆ ಬಂದರೇ? ನಿಮ್ಮ ಕೋಡ್ ಏನು?

ವಾರವಾರ ಅದೇ ಪ್ರಶ್ನೆ, ಅದೇ ಉತ್ತರ. ಇಂಥ ಕೆಲಸವನ್ನು ನಮ್ಮ ಕಸುಬಿನವರು ಸ್ಕ್ರಿಪ್ಟಿಗೆ ವಹಿಸುತ್ತಾರೆ. ಸ್ಕ್ರಿಪ್ಟ್ ಅಂದರೆ ಮನುಷ್ಯನ ಬದಲು ಕೂತು ಟೈಪ್ ಮಾಡುವ ಚೀಟಿ. ಈ ಪ್ರಶ್ನೆ ಬಂದರೆ ಈ ಉತ್ತರ ಕೊಡು, ಅಷ್ಟೆ. ಕೆಟ್ಟ ಸ್ಕ್ರಿಪ್ಟ್ ಪ್ರಶ್ನೆ ಬರುವ ಮೊದಲೇ ಉತ್ತರ ಒದರುತ್ತದೆ. ಒಳ್ಳೆಯದು ಪ್ರಶ್ನೆ ಪೂರ್ತಿ ಬರುವ ತನಕ ಕಾಯುತ್ತದೆ. ನನ್ನವನು ಇದನ್ನು ಯೂನಿವರ್ಸಿಟಿಯಲ್ಲಿ ಕಲಿತದ್ದಲ್ಲ. ನಾವಿಬ್ಬರೂ ಒಂದೇ ಕ್ಲಾಸು, ನನಗೆ ಗೊತ್ತು. ಎಕ್ಸ್‌ಚೇಂಜಿನಲ್ಲಿ ಅಮ್ಮನ ಸ್ವಿಚ್‌ಬೋರ್ಡಿನ ಪಕ್ಕ ಸ್ಟೂಲ್ ಮೇಲೆ ಕೂತು ಕಲಿತದ್ದು. ಆ ಕಡೆಯವರು ಮಾತು ಮುಗಿಸುವ ತನಕ ಪ್ಲಗ್ ಚುಚ್ಚಬೇಡ ಅಂತ ಅವರು ಹೇಳುತ್ತಿದ್ದರಂತೆ.

ಅವನ ಸ್ಕ್ರಿಪ್ಟಿನಲ್ಲಿ ಇನ್ನೊಂದು ವಿಶೇಷ ಇತ್ತು. ಎರಡು ಪ್ರಶ್ನೆಗೆ ತಾನೇ ಉತ್ತರ ಕೊಡುತ್ತಿತ್ತು. ಮೂರನೆಯದು ಬಂದಾಗ ನಿಂತು, ಬೀಪ್ ಹೊಡೆದು, ಕೀಬೋರ್ಡನ್ನು ಮನುಷ್ಯನ ಕೈಗೆ ಕೊಟ್ಟುಬಿಡುತ್ತಿತ್ತು. ಒಳಗೆ ಜನ ಇದ್ದಾರಾ ಅಂತ ನೋಡಲು ಸ್ಕ್ರಿಪ್ಟಿಗೆ ಕಣ್ಣಿಲ್ಲ ಅನ್ನುತ್ತಿದ್ದ.

ಹೋದ ಬುಧವಾರ ಅವನು ಎರಡನೇ ಹಾಲಿನಲ್ಲಿ ಕೇಬಲ್ಲಿಗೆ ಹೊಸ ತುದಿ ಹಾಕುತ್ತಿದ್ದ. ಬಾಗಿಲಿಗೆ ಬೀಗ ಬಿತ್ತು. ಅನಿಲ ಬಂತು. ಸ್ಟಾಪ್ ಯಾರೂ ಒತ್ತಲಿಲ್ಲ.

ಕಂಪನಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿತು. ತಾನೇ ಬರೆದ ಸ್ಕ್ರಿಪ್ಟಿನ ದೋಷದಿಂದ ನೌಕರ ಮೃತಪಟ್ಟಿದ್ದಾನೆ. ಮ್ಯಾನೇಜರ್ ಸ್ಮಶಾನಕ್ಕೇ ಬಂದು ಅತ್ತೆಯ ಕೈ ಹಿಡಿದುಕೊಂಡು ಅದನ್ನೇ ಮೆತ್ತಗೆ ಹೇಳಿ ಹೋದ. ಅವನನ್ನು ಆಫೀಸಿನಲ್ಲಿ ಎಲ್ಲರೂ ಇಸ್ತ್ರಿ ಅನ್ನುತ್ತಾರೆ. ಚಿತೆಯ ಹೊಗೆಯಲ್ಲೂ ಅವನ ಅಂಗಿಯಲ್ಲಿ ಒಂದು ಸುಕ್ಕು ಇರಲಿಲ್ಲ.

ಮಗ ಸತ್ತದ್ದಕ್ಕೆ ಅತ್ತ ಅತ್ತೆ, ಈ ಮಾತು ಕೇಳಿದ ಮೇಲೆ ಅಳುವುದನ್ನು ನಿಲ್ಲಿಸಿಬಿಟ್ಟರು. ಊಟವನ್ನೂ.

ನನಗೆ ಅನುಮಾನ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಹೋದ ವರ್ಷದ ಒಂದು ಪರೀಕ್ಷೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಒಳಗೇ ಸಿಕ್ಕಿಬಿದ್ದಿದ್ದಳು. ಇವತ್ತಿಗೂ ಹಾಸಿಗೆಯಿಂದ ಎದ್ದಿಲ್ಲ. ಮೆಷಿನ್ ಕೆಟ್ಟಿತ್ತು ಅಂತ ಇಸ್ತ್ರಿ ವರದಿ ಬರೆದ. ನನ್ನವನಿಗೆ ಆ ದಿನದ ದಾಖಲೆ ಸಿಕ್ಕಿತು. ಮೆಷಿನ್ ಕೆಟ್ಟಿರಲಿಲ್ಲ. ಇಸ್ತ್ರಿ ಒಳಗೆ ನೋಡದೆ ಹೌದು ಒತ್ತಿದ್ದ. ಗುರುವಾರ ಅದನ್ನು ಪೊಲೀಸ್ ಇನ್‌ಸ್ಪೆಕ್ಟರಿಗೆ ಕೊಡುತ್ತೇನೆ ಅಂತ ನನ್ನವನು ಮಂಗಳವಾರ ಇಸ್ತ್ರಿಗೇ ಹೇಳಿಬಂದ. ಮೊದಲು ಕೊಡು, ಆಮೇಲೆ ಹೇಳು ಅಂದಿದ್ದೆ. ಬೆನ್ನ ಹಿಂದೆ ಮಾಡುವುದು ಸರಿಯಲ್ಲ ಅಂದ.

ಆದರೆ ಅವನು ಆ ವಾರವೆಲ್ಲ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಿದ್ದೆಗೆಟ್ಟವನು ಸ್ಕ್ರಿಪ್ಟಿನಲ್ಲಿ ಏನನ್ನಾದರೂ ಅಳಿಸಿಬಿಟ್ಟನೇ... ಆ ಮುಳ್ಳು ನನ್ನೊಳಗೂ ಇತ್ತು.

ಲ್ಯಾಪ್‌ಟಾಪ್ ಕಿತ್ತುಕೊಂಡು ಹೋಗಲು ಆಳು ಬಂದ ಮೇಲೆ ಮುಳ್ಳು ಅಲುಗಾಡಿತು. ತಪ್ಪು ಸತ್ತವನದೇ ಆಗಿದ್ದರೆ ಇವರಿಗೇಕೆ ಇಷ್ಟು ಅವಸರ?

ಡ್ರೈವರ್ ಒಯ್ದದ್ದು ಸರಿಯಾದ ಲ್ಯಾಪ್‌ಟಾಪನ್ನೇ. ಅವರಿಗೆ ಬೇಕಾದದ್ದು ಅದರಲ್ಲಿರಲಿಲ್ಲ, ಅಷ್ಟೆ. ನನ್ನವನ ಸ್ಕ್ರಿಪ್ಟ್ ಪ್ರತಿ ಸಲ ಓಡಿದಾಗಲೂ ಪ್ರಶ್ನೆ ಉತ್ತರಗಳನ್ನೆಲ್ಲ ಸೆಕೆಂಡು ಸಮೇತ ಬರೆದಿಟ್ಟು, ಒಂದು ಪ್ರತಿಯನ್ನು ನನಗೆ ಮೇಲ್ ಮಾಡುತ್ತಿತ್ತು. ಕೆಟ್ಟು ನಿಂತ ಸರ್ವರ್‌ಗಳನ್ನು ಮತ್ತೆ ಓಡಿಸಿಕೊಡುವುದು ನನ್ನ ಕಸುಬು. ಅವನ ಸ್ಕ್ರಿಪ್ಟಿನ ತಪ್ಪು ಹುಡುಕುವುದು ನನ್ನ ಸಂತೋಷ. ಮದುವೆಯಾದಾಗಿನಿಂದ ಅದು ನಮ್ಮ ಆಟ.

ಬುಧವಾರದ ಮೇಲ್ ಐದು ದಿನದಿಂದ ಇನ್‌ಬಾಕ್ಸಿನಲ್ಲಿತ್ತು. ನಾನು ಏನನ್ನೂ ತೆರೆದಿರಲಿಲ್ಲ.

ತೆರೆದೆ.

ಮೊದಲ ಎರಡು ಪ್ರಶ್ನೆಗೆ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಹೋಗಿತ್ತು. ಸ್ಕ್ರಿಪ್ಟಿನ ಕೈ. ಮೂರನೇ ಪ್ರಶ್ನೆ ಬಂತು. ಒಳಗಿದ್ದವರೆಲ್ಲ ಹೊರಗೆ ಬಂದರೇ? ಸ್ಕ್ರಿಪ್ಟ್ ನಿಂತಿತು. ಬೀಪ್ ಹೊಡೆಯಿತು.

ಮೂವತ್ತೆಂಟು ಸೆಕೆಂಡು ಏನೂ ಇಲ್ಲ.

ಆಮೇಲೆ 'ಇಲ್ಲ' ಅನ್ನುವ ಅಕ್ಷರ. ಅದನ್ನು ಅಳಿಸಿದ ಗುರುತು. ಆಮೇಲೆ ಹೌದು.

ಸ್ಕ್ರಿಪ್ಟ್ ಅಳಿಸಿ ಬರೆಯುವುದಿಲ್ಲ. ಅಳಿಸುವುದು ಮನುಷ್ಯ. ಯಾರೋ ಒಬ್ಬ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತು, ಗಾಜಿನ ಗೋಡೆಯ ಆಚೆ ನನ್ನವನ ಬೆನ್ನು ನೋಡುತ್ತ, ಮೂವತ್ತೆಂಟು ಸೆಕೆಂಡು ಯೋಚಿಸಿದ್ದ.

ಯಾರು? ಕೋಡ್ ಇದ್ದ ಜಾಗದಲ್ಲಿ ಬರೀ ಚುಕ್ಕಿಗಳು. ನಿಜವಾದ ಕೋಡ್ ಉಳಿಯುವುದು ಕಂಟ್ರೋಲ್ ರೂಮಿನ ಪ್ಯಾನೆಲ್ ಒಳಗೆ. ಅದನ್ನು ತೆರೆಯುವ ಕೀ ಇರುವುದು ಒಬ್ಬನ ಹತ್ತಿರ. ಎಲ್ಲರೂ ಗ್ಯಾಸ್ ಮೇಸ್ತ್ರಿ ಅನ್ನುವ ಮನುಷ್ಯ. ಸಿಲಿಂಡರು, ಪೈಪು, ಪ್ಯಾನೆಲ್ಲು ಎಲ್ಲ ಅವನ ಸುಪರ್ದಿ.

ಫೋನ್ ಮಾಡಿದೆ. ಅವನು ಮೊದಲು ಬೈದ. ನಿನ್ನ ಗಂಡ ಸೋಮಾರಿತನಕ್ಕೆ ಸ್ಕ್ರಿಪ್ಟ್ ಬರೆದು ತಾನೂ ಹೋದ, ನನ್ನ ಲೈಸೆನ್ಸಿಗೂ ಕಲ್ಲು ಹಾಕಿದ, ಇಪ್ಪತ್ತು ವರ್ಷದ ಹೆಸರು ಒಂದೇ ದಿನಕ್ಕೆ ಮಣ್ಣುಪಾಲು ಅಂದ. ನಾನು ದಾಖಲೆ ಓದಿ ಹೇಳಿದೆ. ಆಮೇಲೆ ನಿಧಾನಕ್ಕೆ ಅಂದ... ಪೊಲೀಸರ ಸೀಲು ಇವತ್ತು ತೆಗೆದರಂತೆ. ಹನ್ನೆರಡು ಗಂಟೆಗೆ ಬಂದು ಪ್ಯಾನೆಲ್‌ನ ನೆನಪು ಪೂರ್ತಿ ಅಳಿಸಿಕೊಡು ಅಂತ ಇಸ್ತ್ರಿ ಹೇಳಿಕಳಿಸಿದ್ದಾನಂತೆ.

ಗಂಟೆ ಹತ್ತೂವರೆ.

"ಅಣ್ಣ, ಹನ್ನೊಂದೂಕಾಲಿಗೇ ಹೋಗೋಣ."

"ಹೋಗೋಣ ಅಂದ್ರೆ? ನೀನ್ಯಾಕೆ?"

"ನಿಮಗೊಬ್ಬ ಸಹಾಯಕಿ ಬೇಕಲ್ಲ."

ಅತ್ತೆಯನ್ನು ಎದುರು ಮನೆಗೆ ಬಿಟ್ಟೆ. ದಾಖಲೆಯನ್ನು ಇನ್‌ಸ್ಪೆಕ್ಟರಿಗೆ ಕಳಿಸಿ, ಹನ್ನೊಂದೂಮುಕ್ಕಾಲಿಗೆ ಕಂಟ್ರೋಲ್ ರೂಮಿಗೆ ಬನ್ನಿ ಅಂತ ಬರೆದೆ. ಉತ್ತರ ಬರಲಿಲ್ಲ.

ಮೇಸ್ತ್ರಿ ಬೂಟು, ಟೋಪಿ, ಕೆಲಸದವರ ನೀಲಿ ಓವರ್‌ಆಲ್ ತಂದಿದ್ದ. ನನಗೆ ಇಬ್ಬರು ಹಿಡಿಸುವಷ್ಟು ದೊಡ್ಡದು. ಕೂದಲನ್ನು ಟೋಪಿಯೊಳಗೆ ತುರುಕಿದೆ. ವ್ಯಾನ್ ಹೊರಟಿತು. ಎರಡನೇ ಸಿಗ್ನಲ್‌ನಲ್ಲಿ ಕನ್ನಡಿಯಲ್ಲಿ ನೋಡಿದೆ. ಬಿಳಿ ಕಾರು. ಸ್ಟೀರಿಂಗ್ ಹಿಂದೆ ಅರ್ಧ ಕೆಂಪಾದ ಮುಖ. ಕಿವಿಗೆ ಫೋನ್.

"ಮೇಸ್ತ್ರಿ, ಬೆನ್ನಿಗೆ ಬಿದ್ದಿದಾನೆ."

"ಯಾರು?"

"ಬೆಳಗ್ಗೆ ನಮ್ಮನೆ ಹಾಲು ಕುಡಿದವನು."

ಮೇಸ್ತ್ರಿ ಗೇರ್ ಬದಲಿಸಿದ. ವ್ಯಾನಿನ ಹಿಂದೆ ಸಿಲಿಂಡರುಗಳು ಗಡಗಡ ಅಂದವು. ಎಡಕ್ಕೆ ಗೋದಾಮುಗಳ ಬೀದಿ. ಲಾರಿಗಳು, ಮರದ ಪೆಟ್ಟಿಗೆಗಳು, ಬಾಯಿ ಬಿಟ್ಟುಕೊಂಡು ನಿಂತ ಕೂಲಿಗಳು. ಕಾರು ಒಂದು ಸಲ ಗುದ್ದಿತು. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಇನ್ನೊಂದು ಸಲ ಗುದ್ದಿತು. ವ್ಯಾನ್ ತಿರುಗಿ ಗೋಡೆಗೆ ಉಜ್ಜಿಕೊಂಡು ನಿಂತಿತು. ಡ್ರೈವರ್ ಕೈಯಲ್ಲಿ ಜ್ಯಾಕ್ ರಾಡ್ ಹಿಡಿದು ಇಳಿದ. ಮೇಸ್ತ್ರಿಯ ಕಡೆಯ ಗಾಜು ಪುಡಿಯಾಯಿತು. ಎರಡನೇ ಏಟು ಅವನ ಹೆಗಲಿಗೆ.

ನನ್ನ ಕಾಲ ಬಳಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು. ಪಿನ್ ಕಿತ್ತೆ. ಇಳಿದು ವ್ಯಾನಿನ ಮುಂದಿನಿಂದ ಸುತ್ತಿ ಬಂದೆ.

"ಏಯ್!"

ಅವನು ತಿರುಗಿದ. ಬೆಳಗ್ಗೆ ಸುಟ್ಟ ಮುಖಕ್ಕೇ ಬಿಳಿ ಪುಡಿ ಹೊಡೆದೆ. ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ರಾಡ್ ಬೀಸಿದ. ನಾನು ಬಗ್ಗಿದೆ. ಸಿಲಿಂಡರಿನ ತಳದಿಂದ ಅವನ ಮೊಣಕಾಲಿಗೆ ಒಂದು. ಬಿದ್ದ ಮೇಲೆ ದವಡೆಗೆ ಒಂದು. ಬಾಯಿಂದ ಎರಡು ಹಲ್ಲು ಬಂದು ನನ್ನ ಬೂಟಿನ ಹತ್ತಿರ ಬಿದ್ದವು.

ಮೂರನೆಯದಕ್ಕೆ ಎತ್ತಿದ್ದೆ. ಮೇಸ್ತ್ರಿ ಕೈ ಹಿಡಿದ.

"ಸಾಕು ತಂಗಿ. ಹನ್ನೊಂದೂವರೆ ಆಯ್ತು."

ಕಂಟ್ರೋಲ್ ರೂಮ್ ಖಾಲಿ ಇತ್ತು. ಒಂದು ಮೇಜು, ಒಂದು ಕುರ್ಚಿ, ಕಪ್ಪು ಪರದೆ. ಪಕ್ಕಕ್ಕೆ ದಪ್ಪ ಗಾಜಿನ ಗೋಡೆ. ಆಚೆ ಎರಡನೇ ಹಾಲ್. ನನ್ನವನು ಬಿದ್ದಿದ್ದ ಜಾಗದಲ್ಲಿ ಪೊಲೀಸರು ಎಳೆದ ಸೀಮೆಸುಣ್ಣದ ಗೆರೆ ಅರ್ಧ ಒರೆಸಿದ ಹಾಗಿತ್ತು. ನಾನು ಆ ಕಡೆ ಒಂದು ಸಲ ನೋಡಿದೆ. ಕೆಲಸ ಶುರು ಮಾಡಿದೆ.

ಮೇಸ್ತ್ರಿ ಕೀ ತಿರುಗಿಸಿ ತನ್ನ ಲಾಗಿನ್ ಕೊಟ್ಟ. ಪ್ಯಾನೆಲ್ ಬಾಯಿ ಬಿಟ್ಟಿತು. ಬುಧವಾರ, ಎರಡನೇ ಹಾಲ್, ಕೋಡ್. ಅದು ಇಸ್ತ್ರಿಯದು. ಪಕ್ಕದಲ್ಲೇ ಇನ್ನೊಂದು ಸಾಲು... ಎಚ್ಚರಿಕೆಯ ಗಂಟೆಯನ್ನು ಬುಧವಾರ ಬೆಳಗ್ಗೆಯೇ ಎಲ್ಲ ಕೋಣೆಗಳಲ್ಲೂ ಬಂದ್ ಮಾಡಲಾಗಿತ್ತು. ಅದಕ್ಕೂ ಅದೇ ಕೋಡ್. ಪ್ರಿಂಟ್ ತೆಗೆದೆ. ಮಡಚಿ ಬೂಟಿನೊಳಗೆ ಇಟ್ಟೆ.

ಅಷ್ಟಕ್ಕೇ ಹೊರಡಬಹುದಿತ್ತು.

ಆದರೆ ನನ್ನವನ ಸ್ಕ್ರಿಪ್ಟನ್ನು ಒಂದು ಸಲ ನೋಡಬೇಕು ಅನ್ನಿಸಿತು. ತೆರೆದೆ. ಅದು ಅವನದಾಗಿರಲಿಲ್ಲ. ಹೆಸರು ಅದೇ. ಒಳಗೆ ನಿಲ್ಲುವ ಸಾಲೂ ಇಲ್ಲ, ಬೀಪೂ ಇಲ್ಲ. ಕೋಣೆಯ ನಂಬರ್ ಕೊಡು, ಆಮೇಲೆ ಏನೇ ಕೇಳಿದರೂ ಹೌದು ಅನ್ನು, ಕೋಡ್ ಬಂದಾಗ ಮಾತ್ರ ಮನುಷ್ಯನನ್ನು ಕೇಳು. ಇಷ್ಟೇ. ಫೈಲ್ ಬದಲಾದ ಹೊತ್ತು, ಅವನು ಸತ್ತ ಎರಡು ಗಂಟೆಯ ನಂತರ. ಬದಲಿಸಿದ್ದು ಇಸ್ತ್ರಿಯ ಲಾಗಿನ್.

ಗೂಬೆಯನ್ನು ಸತ್ತವನ ತಲೆಯ ಮೇಲೆ ಕೂರಿಸಲು ಅವನು ಹೊಸ ಸ್ಕ್ರಿಪ್ಟನ್ನೇ ಬರೆದಿದ್ದ!

ಐದು ದಿನದಲ್ಲಿ ಮೊದಲ ಸಲ ನಾನು ನಕ್ಕೆ. ಮೇಸ್ತ್ರಿ ಹೆದರಿ ನನ್ನ ಮುಖ ನೋಡಿದ.

ಡ್ರೈವರ್ ಗುದ್ದುವ ಮೊದಲೇ ಫೋನ್ ಮಾಡಿಯಾಗಿತ್ತು. ಇಸ್ತ್ರಿ ಬಂದೇ ಬರುತ್ತಾನೆ. ಬಂದರೆ ಏನು ಮಾಡುತ್ತಾನೆ ಅಂತಲೂ ಗೊತ್ತಿತ್ತು. ಒಂದು ಸಲ ಫಲ ಕೊಟ್ಟ ವಿಧಾನವನ್ನು ಯಾವ ಮ್ಯಾನೇಜರೂ ಬದಲಿಸುವುದಿಲ್ಲ.

ಮುರಿದ ಬೆರಳು ಕೀಲಿಗಳ ಮೇಲೆ ಅಡ್ಡ ಬರುತ್ತಿತ್ತು. ಒಂಬತ್ತು ಬೆರಳಲ್ಲಿ ಟೈಪ್ ಮಾಡಿದೆ. ಹಳೇ ಪ್ರೋಗ್ರಾಮಿನ ಮುಂದೆ ಒಂದು ಸಣ್ಣ ತಡೆ ಕಟ್ಟಿದೆ. ಯಾವ ಕೋಣೆ ಅಂತ ಕೇಳಿದ ಮೇಲೆ ಅದು ಇನ್ನೊಂದೇ ಒಂದು ಪ್ರಶ್ನೆ ಕೇಳುತ್ತದೆ. ಸ್ಪಷ್ಟ ಭಾಷೆ. ದೊಡ್ಡ ಅಕ್ಷರ.

ಕೊನೆಯ ಸಾಲಿಗೆ ಎಂಟರ್ ಒತ್ತಿ ಪರದೆ ಖಾಲಿ ಮಾಡಿದೆ. ಬಾಗಿಲು ತೆರೆಯಿತು.

ಇಸ್ತ್ರಿಯ ಕೈಯಲ್ಲಿ ಪಿಸ್ತೂಲು. ಅಂಗಿತೋಳಿನ ಮಡಿಕೆ ಅಲಗಿನಷ್ಟು ನೇರ.

"ಮೇಡಂ, ಈ ಬಟ್ಟೆ ನಿಮಗೆ ಒಪ್ಪಲ್ಲ."

"ಅಳತೆ ತಪ್ಪಿದೆ."

"ಏನು ನೋಡಿದ್ರಿ?"

"ಮೂವತ್ತೆಂಟು ಸೆಕೆಂಡು."

ಅವನ ಕಣ್ಣು ಒಂದು ಕ್ಷಣ ಗಾಜಿನ ಕಡೆ ಹೋಗಿ ಬಂತು. ಅಷ್ಟು ಸಾಕಾಯಿತು ನನಗೆ.

ಮೇಸ್ತ್ರಿ ಮುಂದೆ ಬಂದು, ಸಾರ್, ಈ ಹೆಣ್ಣುಮಗಳನ್ನು ಬಿಟ್ಟುಬಿಡಿ, ನೀವು ಹೇಳಿದ ಕಡೆ ಸೈನ್ ಹಾಕುತ್ತೇನೆ ಅಂದ. ಪಿಸ್ತೂಲಿನ ಹಿಡಿ ಅವನ ಹಣೆಗೆ ಬಿತ್ತು. ಹುಬ್ಬು ಸೀಳಿ ರಕ್ತ ಗಲ್ಲಕ್ಕೆ ಇಳಿಯಿತು. ನಾನು ಇಸ್ತ್ರಿಯ ಪಿಸ್ತೂಲಿನ ಕೈಗೆ ಜೋತುಬಿದ್ದೆ. ಮೊಣಕೈಯಿಂದ ನನ್ನ ಹೊಟ್ಟೆಗೆ ತಿವಿದ. ಉಸಿರು ನಿಂತಿತು. ಕೂದಲು ಹಿಡಿದು ಎಳೆದುಕೊಂಡು ಹೋಗಿ ಎರಡನೇ ಹಾಲಿನೊಳಗೆ ನೂಕಿದ. ಮೇಲೆ ಮೇಸ್ತ್ರಿ ಬಂದು ಬಿದ್ದ. ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕದ ಸದ್ದು.

ಸೀಮೆಸುಣ್ಣದ ಗೆರೆಯ ಮೇಲೆ ಬಿದ್ದಿದ್ದೆ. ಎದ್ದೆ.

ಗಾಜಿನ ಆಚೆ ಇಸ್ತ್ರಿ ಕುರ್ಚಿ ಎಳೆದುಕೊಂಡು ಕೂತ. ಪ್ಯಾಂಟಿನ ಗೆರೆ ಕೆಡದ ಹಾಗೆ ಮೊಣಕಾಲ ಹತ್ತಿರ ಸ್ವಲ್ಪ ಎತ್ತಿಕೊಂಡು ಕೂತ. ಸ್ಕ್ರಿಪ್ಟಿನ ಹೆಸರು ಹೊಡೆದ. ಕೋಣೆಯ ನಂಬರ್ ಕೊಟ್ಟ. ಎರಡು.

ನನ್ನ ಪ್ರಶ್ನೆ ಪರದೆಯ ಮೇಲೆ ಬಂತು. ನಾನು ನಿಂತಲ್ಲಿಂದಲೂ ಓದಬಹುದಿತ್ತು.

ಆ ಕೋಣೆಯ ಬದಲು ನೀವು ಕೂತಿರುವ ಕಂಟ್ರೋಲ್ ರೂಮಿಗೆ ಬಿಡಬೇಕೇ?

ಸ್ಕ್ರಿಪ್ಟ್ ಅಂದಿತು, ಹೌದು.

ಗಂಟೆ ಹೊಡೆದಾಯಿತೇ? ಹೌದು. ಒಳಗಿದ್ದವರೆಲ್ಲ ಹೊರಗೆ ಬಂದರೇ? ಹೌದು.

ಇಸ್ತ್ರಿ ಪರದೆ ನೋಡುತ್ತಿರಲಿಲ್ಲ. ನಮ್ಮನ್ನು ನೋಡುತ್ತಿದ್ದ. ನಾನು ಗಾಜಿಗೆ ಬಡಿದೆ. ಬೆರಳಿನಿಂದ ಪರದೆ ತೋರಿಸಿದೆ. ಓದು ಅಂದೆ. ಎರಡು ಸಲ ಅಂದೆ. ಅಂಗಲಾಚುತ್ತಿದ್ದೇನೆ ಅಂದುಕೊಂಡ. ಕ್ಷಮಿಸಿ ಅನ್ನುವ ಹಾಗೆ ಕೈ ಎತ್ತಿದ. ಕೋಡ್ ಕೇಳಿತು. ಕೊಟ್ಟ. ಎಂಟರ್.

ಅವನ ತಲೆಯ ಮೇಲಿನ ನಳಿಕೆ ಬಿಳಿಯಾಗಿ ಬುಸುಗುಟ್ಟಿತು.

ಕಂಟ್ರೋಲ್ ರೂಮಿನ ಸ್ಟಾಪ್ ಬಟನ್ ಇರುವುದು ಅದರ ಹೊರಗೆ. ಅಂದರೆ ಎರಡನೇ ಹಾಲಿನ ಗೋಡೆಯಲ್ಲಿ. ಅಂದರೆ ನನ್ನ ಬಲಗೈ ಹತ್ತಿರ.

ನಾನು ಬಟನ್ ಮೇಲೆ ಅಂಗೈ ಇಟ್ಟೆ. ಎಣಿಸಲು ಶುರು ಮಾಡಿದೆ.

ಐದು. ಬಾಗಿಲಿಗೆ ಓಡಿದ. ಅದು ತೆರೆಯಲಿಲ್ಲ.

ಹನ್ನೊಂದು. ಗಾಜಿಗೆ ಗುಂಡು ಹೊಡೆದ. ಗಾಜು ಬಲೆಯ ಹಾಗೆ ಬಿರಿಯಿತು, ಬೀಳಲಿಲ್ಲ. ಇನ್ನೊಂದು ಹೊಡೆದ. ಆ ಗುಂಡು ಚೌಕಟ್ಟಿಗೆ ತಾಗಿ ತಿರುಗಿ ಅವನ ಮೊಣಕಾಲನ್ನೇ ಹುಡುಕಿಕೊಂಡಿತು.

ಹದಿನೆಂಟು. ಮೇಸ್ತ್ರಿ ನನ್ನ ಭುಜ ಅಲ್ಲಾಡಿಸುತ್ತಿದ್ದ. "ಒತ್ತು ತಂಗಿ... ಸಾಯ್ತಾನೆ ಅವನು... ಒತ್ತು!"

ಇಪ್ಪತ್ತಾರು. ಗಾಜಿಗೆ ಹಣೆ ಒತ್ತಿ ನನ್ನನ್ನೇ ನೋಡಿದ. ಬಾಯಿ ಅಲ್ಲಾಡಿತು. ದಪ್ಪ ಗಾಜು, ಏನೂ ಕೇಳಿಸಲಿಲ್ಲ. ಅವನಿಗೂ ಆವತ್ತು ಕೇಳಿಸಿರಲಿಕ್ಕಿಲ್ಲ.

ಮೂವತ್ತಮೂರು. ಗೋಡೆಗೆ ಉಜ್ಜಿಕೊಂಡು ಕೆಳಗೆ ಜಾರಿದ. ಅಂಗಿ ಮುದ್ದೆಯಾಯಿತು. ಅವನ ಮೈಮೇಲೆ ಸುಕ್ಕು ನೋಡಿದ್ದು ಅದೇ ಮೊದಲು.

ಒತ್ತದೆ ಇರಬಹುದಿತ್ತು. ಅಂಗೈ ಸುಮ್ಮನೆ ಅಲ್ಲೇ ಇದ್ದಿದ್ದರೆ ಸಾಕಿತ್ತು. ನಿಮಗೆ ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಆದರೆ ಇವನು ಸತ್ತರೆ ಎರಡು ಹೆಣ, ಎರಡು ಕತೆ. ಯಾರದು ನಿಜ ಅಂತ ಅತ್ತೆಗೆ ಯಾರು ಹೇಳುವವರು? ಇವನ ಬಾಯಿಂದಲೇ ಬರಬೇಕಿತ್ತು ಅದು.

ಮೂವತ್ತೆಂಟು.

ಒತ್ತಿದೆ.

ಫ್ಯಾನುಗಳು ತಿರುಗಿದವು. ಮೇಸ್ತ್ರಿ ರಕ್ತದ ಕೈಯಲ್ಲೇ ಒಳಗಿನಿಂದ ಬಾಗಿಲ ತಿರುಪುಗಳನ್ನು ಬಿಚ್ಚಿದ. ಹೊರಗೆ ಬಂದು, ತನ್ನ ಹುಬ್ಬು ಸೀಳಿದವನ ಎದೆ ಒತ್ತಿ ಒತ್ತಿ ಉಸಿರು ತರಿಸಿದ. ಅವನು ನನಗಿಂತ ಒಳ್ಳೆಯ ಮನುಷ್ಯ.

ಇನ್‌ಸ್ಪೆಕ್ಟರ್ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಂದ. ಬೂಟಿನಿಂದ ಪ್ರಿಂಟ್ ತೆಗೆದುಕೊಟ್ಟೆ. ಓದಿದ. ಪರದೆಯ ಮೇಲಿನ ಸಾಲುಗಳನ್ನೂ ಓದಿದ. ಮೇಲಿಂದ ಎರಡನೆಯದರ ಹತ್ತಿರ ನಿಂತ.

"ಈ ಪ್ರಶ್ನೆ ಸೇರಿಸಿದ್ದು ಯಾರು?"

"ನಾನು."

"ಯಾಕೆ?"

"ಓದ್ತಾನಾ ನೋಡೋಣ ಅಂತ."

ಅವನು ನೋಟ್‌ಬುಕ್ ತೆಗೆದ. ಆಮೇಲೆ ಅದನ್ನೂ ಬರೆದುಕೊಂಡ. ನನ್ನ ಮೇಲೂ ಒಂದು ಕೇಸ್ ಆಗುತ್ತದೆ ಅಂದ. ಆಗಲಿ ಅಂದೆ. ನಡೆಯುತ್ತಿದೆ.

ಇಸ್ತ್ರಿ ಬದುಕಿದ. ಹೇಳಿಕೆ ಕೊಡುವಷ್ಟು ಬದುಕಿದ. ಒಂದು ಕಾಲು ಮಡಚುವುದಿಲ್ಲ, ಕೆಲವು ಮಾತು ತೊದಲುತ್ತದೆ. ಡ್ರೈವರ್ ಅವನಿಗಿಂತ ಮೊದಲೇ ಎಲ್ಲ ಕಕ್ಕಿದ್ದ, ಉಳಿದ ಹಲ್ಲುಗಳ ಮಧ್ಯೆ. ನೋಟಿಸ್ ಬೋರ್ಡಿನ ಹಾಳೆಯನ್ನು ಮೇಸ್ತ್ರಿಯೇ ಹರಿದ ಅಂತ ಕೇಳಿದೆ.

ಮನೆಗೆ ಬಂದು ಅತ್ತೆಗೆ ಬುಧವಾರದ ದಾಖಲೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಟ್ರಂಕ್ ಕಾಲ್ ರಿಜಿಸ್ಟರ್ ಓದುವ ಹಾಗೆ ಸಾಲು ಸಾಲೇ ಓದಿದರು. ಮೂರನೇ ಪ್ರಶ್ನೆಯ ಹತ್ತಿರ ಬೆರಳು ನಿಂತಿತು.

"ಇಲ್ಲಿ ನಿಲ್ಲಿಸಿದಾನೆ."

"ಹೂಂ."

"ಕೇಳಿಸ್ಕೊಂಡು ನಿಲ್ಲಿಸಿದಾನೆ."

"ಹೂಂ, ಅತ್ತೆ."

ಬೆರಳು ತೆಗೆಯಲಿಲ್ಲ. ಹಸಿವಾಗುತ್ತಿದೆ ಅಂದರು.

ಮೂರು ವಾರದ ನಂತರ ಪೊಲೀಸರು ಅವನ ವಸ್ತುಗಳನ್ನು ಕವರಿನಲ್ಲಿ ಹಾಕಿ ಕೊಟ್ಟರು. ಗಡಿಯಾರ, ಉಂಗುರ, ಐಡಿ ಕಾರ್ಡ್. ಜೊತೆಗೆ ಕೇಬಲ್ ತುದಿ ಒತ್ತುವ ಇಕ್ಕಳ. ಅದು ಅವನದಲ್ಲ. ಹಿಡಿಗೆ ಸುತ್ತಿದ ಹಸಿರು ಟೇಪ್ ಮೇಲೆ ಮೇಸ್ತ್ರಿಯ ಲೈಸೆನ್ಸ್ ನಂಬರ್ ಇತ್ತು. ಬುಧವಾರ ಬೆಳಗ್ಗೆ ಇಸಕೊಂಡು, ಸಂಜೆ ಕೊಡುತ್ತೇನೆ ಅಂದಿದ್ದನಂತೆ.

ಮೇಸ್ತ್ರಿ ವರ್ಕ್‌ಶಾಪಿನಲ್ಲಿ ಪೈಪಿಗೆ ಥ್ರೆಡ್ ಹಾಕುತ್ತಿದ್ದ. ಹುಬ್ಬಿನ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಇಕ್ಕಳ ಕೈಗೆ ಕೊಟ್ಟೆ. ಅದನ್ನು ಯಾಕೆ ತರಲು ಹೋದೆ, ಇಟ್ಟುಕೊಳ್ಳಬಹುದಿತ್ತಲ್ಲ ಅಂದ. ಅನ್ನುತ್ತಲೇ ಕಸುಬಿನವರ ಅಭ್ಯಾಸದಂತೆ ಎರಡು ಸಲ ಒತ್ತಿ ನೋಡಿದ. ಬಾಯಿ ಮುಚ್ಚಿಕೊಂಡಿತು, ತಾನಾಗಿ ತೆರೆದುಕೊಳ್ಳಲಿಲ್ಲ.

"ಸ್ಪ್ರಿಂಗ್ ಹೋಗಿದೆ," ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ತಪ್ಪು ಅವನದೇ," ಅಂದೆ. "ಇದೊಂದು."